ಕುಕ್ಕರ್ ಭಟ್ಟಿಯಲ್ಲಿ ಲ್ಯಾವೆಂಡರ್ ನೀರು ಇಳಿಸಿದ ಲೆಕ್ಕ

ಶಿಡ್ಲಘಟ್ಟ ತಾಲ್ಲೂಕಿನ ನಮ್ಮೂರಲ್ಲಿ ರೇಷ್ಮೆ ಹುಳು ಮೇಯಿಸುವುದು ನಿಲ್ಲಿಸಿದ ಮೇಲೆ ನಮ್ಮ ಹುಳು ಮನೆ ಖಾಲಿ ಬಿದ್ದಿತ್ತು. ಈಗ ಅಲ್ಲಿ ಒಂದು ಸಣ್ಣ ಭಟ್ಟಿ ನಿಂತಿದೆ. 5 ಲೀಟರ್ ಸ್ಟೀಲ್ ಕುಕ್ಕರು, ತಾಮ್ರದ ಸುರುಳಿ, ಪೈಂಟ್ ಬಕೆಟ್ಟು, ಇಷ್ಟೇ ಅದರ ಸಂಸಾರ. ಒಣಗಿದ ಲ್ಯಾವೆಂಡರ್ ಹೂವು 250 ಗ್ರಾಂ ಹಾಕಿದರೆ 700 ಮಿಲಿಯಷ್ಟು ಘಮ್ಮೆನ್ನುವ ನೀರು ಇಳಿಯುತ್ತದೆ. ಎಣ್ಣೆ ಬರುತ್ತದೆಂದು ಶುರು ಮಾಡಿದ್ದು, ಕೈಗೆ ಬಂದದ್ದು ನೀರು. ಎಣ್ಣೆಯ ಆಸೆಗೆ ಇದನ್ನು ಕಟ್ಟುವವರು 8ನೇ ಹಂತವನ್ನು ಮೊದಲು ಓದಿಕೊಂಡು ಆಮೇಲೆ ತಾಮ್ರ ಕೊಳ್ಳಿ.

1. ಹೂವು

ತಾರಸಿಯ ಕುಂಡಗಳಲ್ಲಿ ಲ್ಯಾವೆಂಡರ್ ಹಾಕಿ ವರ್ಷದ ಮೇಲಾಯಿತು. ನರ್ಸರಿಗಳಲ್ಲಿ ಲ್ಯಾವೆಂಡರ್ ಅಂತ ಕೊಡುವ ಗಿಡಗಳೆಲ್ಲ ಒಂದೇ ಜಾತಿಯಲ್ಲ. ಎಲೆಯಂಚು ಕಚ್ಚುಕಚ್ಚಾಗಿದ್ದರೆ ಅದು ಲ್ಯಾವಂಡುಲಾ ಡೆಂಟಾಟಾ. ಎಲೆ ಕಿರಿದಾಗಿ, ಅಂಚು ನೇರವಾಗಿ, ಬಣ್ಣ ಬೂದಿಗೆ ತಿರುಗಿದ್ದರೆ ಲ್ಯಾವಂಡುಲಾ ಅಂಗುಸ್ಟಿಫೋಲಿಯಾ. ನಿದ್ರೆಗೆ ಒಳ್ಳೆಯದು, ಮನಸ್ಸಿನ ಕಳವಳಕ್ಕೆ ಒಳ್ಳೆಯದು ಎಂದು ಕೇಳುತ್ತೇವಲ್ಲ, ಅದು ಈ ಎರಡನೆಯದರ ಮಾತು. ಇದರ ಎಣ್ಣೆಯಲ್ಲಿ ಲಿನಲೂಲ್, ಲಿನಲೈಲ್ ಅಸಿಟೇಟ್ ಎಂಬ ಎರಡು ಅಂಶಗಳೇ ಹೆಚ್ಚು. ಡೆಂಟಾಟಾದ ವಾಸನೆ ನೀಲಗಿರಿ, ಕರ್ಪೂರದ ಕಡೆಗೆ ವಾಲುತ್ತದೆ.

ಎರಡನ್ನೂ ತಂದು ನೆಟ್ಟಿದ್ದೆ. ಕೆಂಪು ಮಣ್ಣು ಒಂದು ಪಾಲು, ಎಂ-ಸ್ಯಾಂಡ್ ಒಂದು ಪಾಲು, ಸಣ್ಣ ಜಲ್ಲಿ ಅರ್ಧ ಪಾಲು, ಕೊಟ್ಟಿಗೆ ಗೊಬ್ಬರ ಕುಂಡಕ್ಕೊಂದು ಹಿಡಿ. ಬೋರ್‌ವೆಲ್ಲಿನ ಗಡಸು ನೀರು ಏನೂ ತೊಂದರೆ ಮಾಡಲಿಲ್ಲ, ಸುಣ್ಣದ ನೆಲವನ್ನು ಇಷ್ಟಪಡುವ ಗಿಡ ಇದು. ಕೊಂದದ್ದು ಸೆಪ್ಟೆಂಬರ್-ಅಕ್ಟೋಬರಿನ ಮಳೆ. ಅಂಗುಸ್ಟಿಫೋಲಿಯಾ ಬುಡದಿಂದ ಕಪ್ಪಾಗುತ್ತಾ ಬಂತು. ಕಿತ್ತು ನೋಡಿದರೆ ಬೇರು ಕೊಳೆತು ಮೆತ್ತಗಾಗಿತ್ತು. ಮಳೆ ಬೀಳದ ಕಡೆ, ಸಜ್ಜದ ಕೆಳಗೆ ಇಟ್ಟಿದ್ದ ಒಂದು ಕುಂಡ ಮಾತ್ರ ಉಳಿಯಿತು. ಅದೂ ಇನ್ನೂ ಹೂ ಬಿಟ್ಟಿಲ್ಲ. ಡೆಂಟಾಟಾ ಮಾತ್ರ ಯಾವ ಚಿಂತೆಯೂ ಇಲ್ಲದೆ ಪೊದೆಯಾಗಿ ಹೂ ಬಿಡುತ್ತಿದೆ.

ಹಾಗಾಗಿ ಭಟ್ಟಿಗೆ ಬೇಕಾದ ಹೂವನ್ನು ಕೊಂಡೆ. ಜಮ್ಮು ಕಡೆಯ ದೋಡಾ ಜಿಲ್ಲೆಯ ಭದೇರ್‌ವಾಹ್‌ನಲ್ಲಿ ಮೆಕ್ಕೆಜೋಳ ಬಿಟ್ಟು ಲ್ಯಾವೆಂಡರ್ ಹಾಕಿದ ರೈತರಿದ್ದಾರೆ. ಕೇಂದ್ರದ ವಿಜ್ಞಾನ ಸಂಶೋಧನಾ ಮಂಡಳಿ ಸಿಎಸ್‌ಐಆರ್‌ನ ಅರೋಮಾ ಮಿಷನ್ ಎಂಬ ಸುಗಂಧ ಬೆಳೆಗಳ ಯೋಜನೆಯಡಿ ಅಲ್ಲಿಗೆ ಸಸಿ, ಭಟ್ಟಿ ಎರಡೂ ಹೋಗಿವೆ. ಆ ಕಡೆಯದೇ ಎಂದು ಹೇಳಿ ಮಾರುತ್ತಿದ್ದ ಒಣ ಹೂವು ಕಾಲು ಕೆಜಿಗೆ ₹650 ಕೊಟ್ಟು ತರಿಸಿದೆ. ಪೊಟ್ಟಣ ಬಂದಾಗ ಬೆರಳಲ್ಲಿ ತಿಕ್ಕಿ ನೋಡಿ: ಹೂವಿನ ಮೊಗ್ಗು ಊದಾ-ಬೂದು ಬಣ್ಣ ಇರಬೇಕು, ತಿಕ್ಕಿದ ಕೂಡಲೇ ವಾಸನೆ ಏಳಬೇಕು. ಕಂದು ಬಣ್ಣಕ್ಕೆ ತಿರುಗಿ, ಕಡ್ಡಿಯೇ ಜಾಸ್ತಿ ಇದ್ದರೆ ವಾಪಸ್ ಕಳಿಸಿ.

2. ಒಣಗಿಸುವುದು, ಚಂದ್ರಿಕೆಯ ಕಥೆ

ಡೆಂಟಾಟಾದ ಹೂವನ್ನು ದಿಂಬಿನ ಚೀಲಕ್ಕೆ ಹಾಕೋಣವೆಂದು ಕೊಯ್ದೆ. ಕದಿರಿನಲ್ಲಿ ಅರ್ಧದಷ್ಟು ಹೂ ಅರಳಿದಾಗ, ಬೆಳಗ್ಗೆ ಇಬ್ಬನಿ ಆರಿದ ಮೇಲೆ ಕೊಯ್ಯಬೇಕು. ಪೂರ್ತಿ ಅರಳಿದ ಮೇಲೆ ಕೊಯ್ದರೆ ಒಣಗುವಾಗ ಎಲ್ಲ ಉದುರುತ್ತದೆ.

ಹುಳು ಮನೆಯ ಗೋಡೆಗೆ ಒರಗಿಸಿಟ್ಟಿದ್ದ, ಹುಳು ಗೂಡು ಕಟ್ಟಲು ಬಿಡುವ ಹಳೇ ಚಂದ್ರಿಕೆ ನೋಡಿದಾಗ ಇದಕ್ಕಿಂತ ಒಳ್ಳೆಯ ಒಣಗಿಸುವ ಚಾಪೆ ಬೇಕೇ ಅನ್ನಿಸಿತು. ಬಿದಿರಿನ ಚಾಪೆ, ಮೇಲೆ ಸುತ್ತುಸುತ್ತಾಗಿ ನಿಲ್ಲಿಸಿದ ಬಿದಿರ ಪಟ್ಟಿ, ಕೆಳಗೂ ಮೇಲೂ ಗಾಳಿ ಆಡುತ್ತದೆ. ಕದಿರುಗಳನ್ನು ಸುತ್ತಿನ ನಡುವೆ ಹರಡಿ ನೆರಳಲ್ಲಿ ಇಟ್ಟೆ. ಚೆನ್ನಾಗಿಯೇ ಒಣಗಿತು. ಆದರೆ ಮೂಗಿಗೆ ಹಿಡಿದರೆ ಹೂವಿನ ಹಿಂದೆ ಇನ್ನೊಂದು ವಾಸನೆ. ಬೆಳೆ ಬೆಳೆಗೂ ಆ ಚಂದ್ರಿಕೆಗೆ ಬ್ಲೀಚಿಂಗ್ ಪೌಡರ್, ಫಾರ್ಮಲಿನ್ ಹೊಡೆದು, ಫ್ಲೇಮ್ ಗನ್ನಿನಲ್ಲಿ ಸುಟ್ಟು ಇಟ್ಟಿದ್ದು. ಎಷ್ಟು ವರ್ಷದ ಔಷಧಿ ಬಿದಿರಿನೊಳಗೆ ಕೂತಿದೆಯೋ. ಆ ಹೂವನ್ನು ತಿಪ್ಪೆಗೆ ಹಾಕಿದೆ. ತಲೆಯ ಕೆಳಗೆ ಇಟ್ಟುಕೊಂಡು ರಾತ್ರಿಯೆಲ್ಲ ಉಸಿರಾಡುವ ವಸ್ತು ಅದು, ಕುಡಿಯದಿದ್ದರೇನಂತೆ.

ಈಗ ನವಾರು ಮಂಚದ ಮೇಲೆ ಒಗೆದ ಹತ್ತಿ ಪಂಚೆ ಹಾಸಿ, ಕಿಟಕಿ ಮುಚ್ಚಿ, ಫ್ಯಾನ್ ಹಾಕಿ ಒಣಗಿಸುತ್ತೇನೆ. ಬಿಸಿಲಿಗೆ ಇಡಬೇಡಿ, ಬಣ್ಣವೂ ವಾಸನೆಯೂ ಎರಡೂ ಹೋಗುತ್ತವೆ. ಕದಿರಿನ ಕಡ್ಡಿ ಲಟಕ್ಕೆಂದು ಮುರಿದರೆ ಒಣಗಿದೆ ಎಂದರ್ಥ.

3. ಕುಕ್ಕರ್

ಅಲ್ಯೂಮಿನಿಯಂ ಬೇಡ ಎಂದು ಪಾತ್ರೆ ಅಂಗಡಿಯಲ್ಲಿ ಎಕ್ಸ್‌ಚೇಂಜ್‌ಗೆ ಬಂದಿದ್ದ 5 ಲೀಟರಿನ ಸ್ಟೀಲ್ ಕುಕ್ಕರ್ ₹900ಕ್ಕೆ ತಂದೆ. ವಿಷಲ್ ತೆಗೆದರೆ ಕೆಳಗೆ ಆವಿ ಬರುವ ಸಣ್ಣ ಕೊಳವೆ ಇರುತ್ತದಲ್ಲ, ಅದಕ್ಕೇ ಪೈಪ್ ಸಿಕ್ಕಿಸುವುದು. ಮುಚ್ಚಳಕ್ಕೆ ತೂತು ಕೊರೆಯುವ ಅಗತ್ಯವಿಲ್ಲ. ಸೇಫ್ಟಿ ವಾಲ್ವ್ ಹೇಗಿದೆಯೋ ಹಾಗೇ ಇರಲಿ. ಅದರ ಮೇಲೆ ಎಂ-ಸೀಲ್ ಮೆತ್ತುವುದು, ಬೋಲ್ಟ್ ಹಾಕುವುದು ಮಾಡಬೇಡಿ. ಹೂವಿನ ಚೂರು ಆವಿ ಕೊಳವೆಗೆ ಅಡ್ಡ ಬಂದರೆ ಒಳಗೆ ಒತ್ತಡ ಏರುತ್ತದೆ, ಆಗ ಉಳಿಸುವುದು ಆ ವಾಲ್ವ್ ಒಂದೇ.

ಒಳಗಿನ ಏರ್ಪಾಡು ಹೀಗೆ: ತಳದಲ್ಲಿ ಮೂರು ಸ್ಟೀಲ್ ಲೋಟ ಬೋರಲು, ಅದರ ಮೇಲೆ ತೂತಿನ ತಟ್ಟೆ, ತಟ್ಟೆಯ ಮೇಲೆ ಸಡಿಲ ನೇಯ್ಗೆಯ ಹತ್ತಿ ಬಟ್ಟೆಯಲ್ಲಿ ಕಟ್ಟಿದ ಹೂವು. ನೀರು 1.2 ಲೀಟರ್ ಹಾಕಿದರೆ ತಟ್ಟೆಗಿಂತ ಎರಡು ಬೆರಳು ಕೆಳಗೆ ನಿಲ್ಲುತ್ತದೆ. ಹೂವು ನೀರಿನಲ್ಲಿ ಮುಳುಗಬಾರದು. ಕುದಿಯುವ ನೀರಿನಲ್ಲಿ ಬಹಳ ಹೊತ್ತು ಇದ್ದರೆ ಲಿನಲೈಲ್ ಅಸಿಟೇಟ್ ಒಡೆದುಹೋಗುತ್ತದೆ, ವಾಸನೆಯ ಸಿಹಿ ಭಾಗವೇ ಅದು. ಬೋರ್ ನೀರು ಹಾಕಿದರೆ ತಳದಲ್ಲಿ ಬಿಳೀ ಹಕ್ಕಳೆ ಕಟ್ಟುತ್ತದೆ. ಊರಿನ ಶುದ್ಧ ನೀರಿನ ಘಟಕದಲ್ಲಿ ಐದು ರೂಪಾಯಿ ನಾಣ್ಯ ಹಾಕಿ ತಂದ ಕ್ಯಾನ್ ನೀರನ್ನೇ ಹಾಕುತ್ತೇನೆ.

4. ತಾಮ್ರದ ಸುರುಳಿ

ಎಸಿ ಮೆಕ್ಯಾನಿಕ್ ಹತ್ತಿರ ಉಳಿದಿದ್ದ ಮೂರೆಂಟಂಶ ಇಂಚಿನ ತಾಮ್ರದ ಪೈಪು, ಅಡಿಗೆ ₹60ರಂತೆ 10 ಅಡಿ, ₹600. ಪೈಪ್ ನೋಡಿದವನೇ "ಏನಣ್ಣ, ಕಳ್ಳಭಟ್ಟಿಗಾ?" ಅಂದ. ಕರ್ನಾಟಕದಲ್ಲಿ ಸಾರಾಯಿ ನಿಂತು ಹೋದದ್ದು 2007ರಲ್ಲಿ. ಇಷ್ಟು ವರ್ಷವಾದರೂ ಸುರುಳಿ ಕಂಡರೆ ಜನಕ್ಕೆ ನೆನಪಾಗುವುದು ಅದೇ. ಹೂವಿನ ನೀರು ಎಂದು ವಿವರಿಸಿದ ಮೇಲೂ ಅವನ ಮುಖದಲ್ಲಿ ನಂಬಿಕೆ ಕಾಣಲಿಲ್ಲ.

4 ಇಂಚಿನ ಪಿವಿಸಿ ಪೈಪ್ ತುಂಡಿಗೆ ಬರಿಗೈಯಲ್ಲಿ ಸುತ್ತಲು ಹೋದಾಗ ಮೊದಲ ಬಾಗಿನಲ್ಲೇ ತಾಮ್ರ ಚಪ್ಪಟೆಯಾಯಿತು. ಅಷ್ಟು ಕತ್ತರಿಸಿ ಎಸೆದೆ, ಒಂದಡಿ ಹೋಯಿತು. ಆಮೇಲೆ ಪೈಪಿನೊಳಗೆ ಜರಡಿ ಹಿಡಿದ ಒಣ ಮರಳು ತುಂಬಿಸಿ, ಕುಟ್ಟಿ ಕೂರಿಸಿ, ಎರಡೂ ತುದಿಗೆ ಟೇಪ್ ಸುತ್ತಿ ಬಾಗಿಸಿದೆ. ಐದೂವರೆ ಸುತ್ತು ಸಲೀಸಾಗಿ ಬಂತು. ಮರಳು ಒದ್ದೆಯಿದ್ದರೆ ಒಳಗೇ ಕಚ್ಚಿಕೊಳ್ಳುತ್ತದೆ, ಬಾಣಲೆಯಲ್ಲಿ ಹುರಿದು ಹಾಕಿ. ಸುತ್ತಿದ ಮೇಲೆ ಮರಳು ಉದುರಿಸಿ, ಬಿಸಿ ನೀರಿಗೆ ವಿನಿಗರ್ ಬೆರೆಸಿ ತೊಳೆದು, ಮತ್ತೆ ಬರೀ ನೀರಿನಲ್ಲಿ ತೊಳೆಯಬೇಕು.

ಸುರುಳಿ ಮೇಲಿನಿಂದ ಕೆಳಕ್ಕೆ ಎಲ್ಲೂ ಏಳದೆ ಇಳಿಯುತ್ತಲೇ ಹೋಗಬೇಕು. ಒಂದು ಸುತ್ತು ಸ್ವಲ್ಪ ಜೋತರೂ ಅಲ್ಲಿ ನೀರು ನಿಂತು, ಹಿಂದಿನ ಆವಿ ಅದನ್ನು ತಳ್ಳಿ, ಬಾಟಲಿಗೆ ಗುಳುಂ ಗುಳುಂ ಅಂತ ಬಿಸಿ ನೀರು ಉಗಿಯುತ್ತದೆ. ಬಿದಿರ ದಬ್ಬೆಗೆ ತಂತಿಯಲ್ಲಿ ಕಟ್ಟಿ ಸುತ್ತುಗಳ ನಡುವೆ ಸಮ ಅಂತರ ಇಟ್ಟ ಮೇಲೆ ಅದು ನಿಂತಿತು.

5. ತಣ್ಣೀರಿನ ಬಕೆಟ್

ಗುಜರಿಯಿಂದ 20 ಲೀಟರಿನ ಪೈಂಟ್ ಬಕೆಟ್, ₹80. ಬುಡದ ಹತ್ತಿರ ತೂತು ಮಾಡಿ ಸುರುಳಿಯ ತುದಿ ಹೊರಗೆ ತೆಗೆದು ಎಂ-ಸೀಲ್ ಹಾಕಿದೆ. ಮೊದಲ ಸಲ ಬಿಸಿಯಾಗಿ ತಣ್ಣಗಾದ ಮೇಲೆ ಸುತ್ತಲೂ ಕೂದಲೆಳೆ ಬಿರುಕು, ತೊಟ್ಟಿಕ್ಕಲು ಶುರು. ತಾಮ್ರ ಹಿಗ್ಗಿ ಕುಗ್ಗುತ್ತದೆ, ಈ ಬಕೆಟ್ಟಿನ ಪ್ಲಾಸ್ಟಿಕ್ಕಿಗೆ ಎಂ-ಸೀಲ್ ಗಟ್ಟಿಯಾಗಿ ಹಿಡಿಯುವುದೂ ಇಲ್ಲ. ಪರಿಹಾರ ಸಿಕ್ಕಿದ್ದು ಎಲೆಕ್ಟ್ರಿಕಲ್ ಅಂಗಡಿಯಲ್ಲಿ: ಮೋಟರ್ ಸ್ಟಾರ್ಟರ್ ಡಬ್ಬಿಗೆ ಕೇಬಲ್ ಒಳಹೋಗುವ ಕಡೆ ಹಾಕುವ ನೈಲಾನ್ ಕೇಬಲ್ ಗ್ಲ್ಯಾಂಡ್. ಪಿಜಿ 13.5 ಸೈಜಿನದು ಈ ಪೈಪಿಗೆ ಸರಿಯಾಗಿ ಹಿಡಿಯುತ್ತದೆ. ₹25. ಬಕೆಟ್ ಕಡೆಗೊಂದು ರಬ್ಬರ್ ವಾಷರ್ ಕೊಟ್ಟು ಬಿಗಿದರೆ ಹನಿ ಕೂಡ ಸೋರಲ್ಲ. ಕೊಳಾಯಿ ಸಾಮಾನಿನ ಅಂಗಡಿಯಲ್ಲಿ ಮಧ್ಯಾಹ್ನವೆಲ್ಲ ಹುಡುಕಿದ್ದು ವ್ಯರ್ಥ.

ನೀರಿನ ಲೆಕ್ಕ ನಮ್ಮ ಕಡೆಯವರಿಗೆ ಮುಖ್ಯ. ಒಂದು ಲೀಟರ್ ಹೂವಿನ ನೀರು ಇಳಿಸುವಷ್ಟರಲ್ಲಿ 20 ಲೀಟರ್ ತಣ್ಣೀರು 27-30 ಡಿಗ್ರಿಯಷ್ಟು ಬಿಸಿಯೇರುತ್ತದೆ. ಬೇಸಿಗೆಯಲ್ಲಿ ತೊಟ್ಟಿ ನೀರೇ ಬೆಚ್ಚಗಿರುತ್ತದೆ, ಆಗ ಒಂದು ಬಕೆಟ್ ಸಾಲುವುದಿಲ್ಲ. ಬಿಸಿ ನೀರು ಮೇಲೆ ನಿಲ್ಲುವುದರಿಂದ ಮೇಲಿನದನ್ನು ಮಗ್ಗಿನಲ್ಲಿ ತೆಗೆದು, ತಣ್ಣೀರನ್ನು ಪೈಪಿನಲ್ಲಿ ತಳಕ್ಕೆ ಬಿಡಿ. ತೆಗೆದ ನೀರು ಆರಿದ ಮೇಲೆ ಕುಂಡಗಳಿಗೆ ಹೋಗುತ್ತದೆ. 1,200 ಅಡಿ ಬೋರ್ ಕೊರೆಸಿದ ಮನೆಯಲ್ಲಿ ಕೊಳಾಯಿ ಬಿಟ್ಟು ಹರಿಸುತ್ತಾ ಕೂತರೆ ಅಮ್ಮ ಭಟ್ಟಿಯನ್ನೇ ಬೀದಿಗೆ ಎಸೆಯುತ್ತಾರೆ.

6. ಬರೀ ನೀರಿನ ಪರೀಕ್ಷೆ

ಕುಕ್ಕರಿನಿಂದ ಸುರುಳಿಗೆ ಗಾರೆ ಕೆಲಸದವರ ಲೆವೆಲ್ ಪೈಪ್ ಸಿಕ್ಕಿಸಿದ್ದೆ, ಮನೆಯಲ್ಲಿ ಇತ್ತಲ್ಲ ಎಂದು ಅಲ್ಲ, ₹40 ಕೊಟ್ಟು ತಂದೇ ಸಿಕ್ಕಿಸಿದ್ದು. ನಮ್ಮ ಕಡೆ ಸುಮಾರು 900 ಮೀಟರ್ ಎತ್ತರ, ನೀರು 97 ಡಿಗ್ರಿಯ ಆಸುಪಾಸಿಗೇ ಕುದಿಯುತ್ತದೆ. ಆ 97ಕ್ಕೇ ಲೆವೆಲ್ ಪೈಪ್ ಮೆತ್ತಗಾಗಿ ಮಡಿಚಿಕೊಂಡು ಆವಿ ಕಟ್ಟಿತು. ಇಳಿದ ನೀರಿಗೆ ಹೊಸ ಚಪ್ಪಲಿಯ ವಾಸನೆ. ಕೂಡಲೇ ಒಲೆ ಆರಿಸಿದೆ. ಆಹಾರಕ್ಕೆ ಬಳಸುವ ದರ್ಜೆಯ ಸಿಲಿಕಾನ್ ಪೈಪ್ ಮೀಟರಿಗೆ ₹150, ಎರಡು ಹೋಸ್ ಕ್ಲಿಪ್ ₹30. ಇದು ಮೆತ್ತಗಾಗುವುದಿಲ್ಲ, ವಾಸನೆ ಬಿಡುವುದಿಲ್ಲ.

ಸಿಲಿಕಾನ್ ಪೈಪ್ ಹಾಕಿ ಇಳಿಸಿದ ಮೊದಲ ಕಾಲು ಲೀಟರಿನಲ್ಲಿ ತೆಳು ನೀಲಿ ಛಾಯೆ ಕಂಡಿತು, ತಾಮ್ರ ಬಿಟ್ಟದ್ದು. ಚೆಲ್ಲಿದೆ. ಅಂದಿನಿಂದ ಹೂವು ಹಾಕುವ ಮೊದಲು ಬರೀ ಆವಿಯಲ್ಲಿ ಸುರುಳಿ ತೊಳೆಯುವುದು ನಿಯಮ.

ಕ್ಲಿಪ್ ಬಿಗಿಯುವಾಗ ಆವಿ ತಾಗಿ ತೋರುಬೆರಳು ಬೊಬ್ಬೆ ಎದ್ದಿತು. ಪಕ್ಕದಲ್ಲಿದ್ದ ನಮ್ಮ ಚಿಕ್ಕಪ್ಪನ ಮಗ, "ಸುಟ್ಟಿದ್ದಕ್ಕೆ ಲ್ಯಾವೆಂಡರ್ ಎಣ್ಣೆನೇ ಮದ್ದಂತೆ, ವಿಡಿಯೋದಲ್ಲಿ ನೋಡಿದೆ" ಅಂದ. ಆ ವಿಡಿಯೋಗಳೆಲ್ಲ ಹೇಳುವುದು ಫ್ರಾನ್ಸಿನ ಸುಗಂಧ ರಸಾಯನಜ್ಞ ರೆನೆ-ಮಾರಿಸ್ ಗಟ್ಟೆಫೊಸೆಯ ಕಥೆ: ಕೈ ಸುಟ್ಟಾಗ ಪಕ್ಕದಲ್ಲಿದ್ದ ಲ್ಯಾವೆಂಡರ್ ತೊಟ್ಟಿಗೆ ಅದ್ದಿದ, ವಾಸಿಯಾಯಿತು ಅಂತ. 1910ರಲ್ಲಿ ಪ್ರಯೋಗಾಲಯದ ಸ್ಫೋಟದಲ್ಲಿ ಅವರು ಸುಟ್ಟುಕೊಂಡದ್ದು ನಿಜ. ಆದರೆ ಅವರೇ 1937ರ ಪುಸ್ತಕದಲ್ಲಿ ಬರೆದುಕೊಂಡಿರುವುದು, ಗಾಯ ಕೊಳೆಯತೊಡಗಿದ ಮೇಲೆ ಲ್ಯಾವೆಂಡರ್ ಸಾರದಿಂದ ತೊಳೆದದ್ದನ್ನು. ತೊಟ್ಟಿ ಆಮೇಲೆ ಸೇರಿಕೊಂಡದ್ದು. ನಾನು ಮಾಡಿದ್ದು ಬೆರಳನ್ನು 20 ನಿಮಿಷ ಹರಿಯುವ ತಣ್ಣೀರಿಗೆ ಹಿಡಿದದ್ದು, ಅಷ್ಟೇ. ಸುಟ್ಟ ಗಾಯಕ್ಕೆ ಮೊದಲು ಮಾಡಬೇಕಾದದ್ದೂ ಅದೇ.

7. ದವನದಲ್ಲಿ ಅಭ್ಯಾಸ

₹650ರ ಹೂವನ್ನು ಮೊದಲೇ ಒಳಗೆ ಹಾಕುವ ಧೈರ್ಯ ಬರಲಿಲ್ಲ. ಚಿಕ್ಕಬಳ್ಳಾಪುರದ ಹೂವಿನ ಮಾರುಕಟ್ಟೆಯಲ್ಲಿ ದವನ, ಮರುಗದ ಕಟ್ಟುಗಳನ್ನು ₹60ಕ್ಕೆ ತಂದೆ. ಮರುಗ ಲ್ಯಾವೆಂಡರಿನ ಕುಟುಂಬದ್ದೇ ಗಿಡ, ತುಳಸಿಯೂ ಅದೇ ಕುಟುಂಬ. ದವನ ಬೇರೆ ಕುಟುಂಬದ್ದಾದರೂ ಅದರ ಎಣ್ಣೆ ತೆಗೆಯುವ ಕಸುಬು ದಕ್ಷಿಣ ಭಾರತದಲ್ಲಿ ಮೊದಲಿನಿಂದಲೂ ಇದೆ, ಸುಗಂಧದ ಕಂಪನಿಗಳಿಗೆ ಹೋಗುತ್ತದೆ.

ದವನದ ನೀರು ಇಳಿಯಿತು. ಮೂಸಿದರೆ ಮೊದಲು ದವನ, ಆಮೇಲೆ ಸಾಂಬಾರು. ಸುಳ್ಳಲ್ಲ, ಹುಳಿ, ಇಂಗು, ಬೇಳೆ ಎಲ್ಲ ಇತ್ತು. ಸುರುಳಿ ತೊಳೆದೆ, ಪೈಪ್ ತೊಳೆದೆ, ಕುಕ್ಕರಿಗೆ ಹುಣಸೆಹಣ್ಣು ಹಾಕಿ ಉಜ್ಜಿದೆ, ಹೋಗಲಿಲ್ಲ. ಕೊನೆಗೆ ನಮ್ಮ ಅತ್ತಿಗೆ ಬಂದು ಮುಚ್ಚಳ ಮೂಸಿ, "ಗ್ಯಾಸ್ಕೆಟ್ಟು ಹಳೇದಲ್ವಾ ಭಾವ, ಅದು ಬಿಡಲ್ಲ" ಅಂದರು. ಹೊಸ ಗ್ಯಾಸ್ಕೆಟ್ ₹120. ಸಾಂಬಾರು ಹೋಯಿತು. ಆ ಗ್ಯಾಸ್ಕೆಟ್ ಈಗ ಬೇರೆ ಡಬ್ಬಿಯಲ್ಲಿದೆ, ಅಡುಗೆಮನೆಗೆ ಹೋಗುವಂತಿಲ್ಲ.

8. ಲ್ಯಾವೆಂಡರ್

ಇಲ್ಲಿ ಒಂದು ತಡೆ ಬಂತು. ಪಕ್ಕದ ಮನೆಯವರು ಹುಳು ಮೇಯಿಸುತ್ತಾರೆ. ದವನದ ವಾಸನೆ ಹೊಡೆದ ಕೂಡಲೇ ಬಂದು, "ನಾಲ್ಕನೇ ಜ್ವರ ಎದ್ದಿದೆ ಕಣಪ್ಪ, ಈಗ ಈ ಘಾಟು ಬೇಡ" ಅಂದರು. ಜ್ವರ ಎಂದರೆ ಹುಳು ಪೊರೆ ಕಳಚುವ ಹೊತ್ತು. ಹುಳು ಮನೆಯ ಹತ್ತಿರ ಗಡುಸು ವಾಸನೆ ಬಿಡಬಾರದೆಂದು ನಾವೂ ಮೇಯಿಸಿದವರೇ, ಗೊತ್ತು. ಹುಳು ಹಣ್ಣಾಗಿ ಚಂದ್ರಿಕೆಗೆ ಬಿದ್ದು, ಗೂಡು ಬಿಡಿಸಿ ಮಾರುಕಟ್ಟೆಗೆ ಸಾಗಿಸುವವರೆಗೆ ಕಾದೆ.

250 ಗ್ರಾಂ ಹೂವಿಗೆ ಸ್ವಲ್ಪ ನೀರು ಚಿಮುಕಿಸಿ ಅರ್ಧ ಗಂಟೆ ಬಿಟ್ಟು ಕುಕ್ಕರಿಗೆ. ಸಣ್ಣ ಒಲೆ, ಉರಿ ಸಣ್ಣದು. ಮೊದಲ ಹನಿ ಬೀಳಲು ಇಪ್ಪತ್ತು ನಿಮಿಷ, ಆಮೇಲೆ ಒಂದೂಕಾಲು ಗಂಟೆಯಲ್ಲಿ 700 ಮಿಲಿ. ಉರಿ ದೊಡ್ಡದು ಮಾಡಿದರೆ ಬಾಟಲಿಯ ಬಾಯಿಂದಲೇ ಆವಿ ಹೊರಹೋಗುತ್ತದೆ, ಅಂದರೆ ದುಡ್ಡೇ ಹೋದ ಹಾಗೆ. ಇಳಿಯುವ ನೀರು ಮುಟ್ಟಿದರೆ ತಣ್ಣಗಿರಬೇಕು. ಒಳಗಿನ 1.2 ಲೀಟರಿನಲ್ಲಿ ಕೊನೆಯ ಕಾಲು ಭಾಗ ಉಳಿಯುವಾಗಲೇ ಒಲೆ ಆರಿಸಿ, ತಳ ಒಣಗಿದರೆ ಎಲ್ಲಕ್ಕೂ ಸೀದ ವಾಸನೆ ಹತ್ತುತ್ತದೆ.

ಎಣ್ಣೆ? ಕಿರಿದಾದ ಕತ್ತಿನ ಬಾಟಲಿಗೆ ಬಗ್ಗಿಸಿ ಒಂದು ರಾತ್ರಿ ಬಿಟ್ಟಾಗ ಮೇಲೆ ತೆಳುವಾದ ಹಳದಿ ಉಂಗುರ ತೇಲಿತು. ಸಿರಿಂಜಿನಲ್ಲಿ ಎಳೆದರೆ ಒಂದೂವರೆ ಮಿಲಿ. ಗ್ಯಾಸ್ ಬಿಟ್ಟು ಹೂವಿನ ಖರ್ಚೇ ₹650. ಅದೇ ದುಡ್ಡಿಗೆ ಅಂಗಡಿಯಲ್ಲಿ ಇದರ ಎಷ್ಟೋ ಪಾಲು ಎಣ್ಣೆ ಸಿಗುತ್ತದೆ. ಕ್ವಿಂಟಾಲುಗಟ್ಟಲೆ ಹೂವು ಹಾಕುವ ಭಟ್ಟಿಗೆ ಎಣ್ಣೆಯ ಮಾತು, ಕುಕ್ಕರಿಗೆ ಪನ್ನೀರಿನ ಮಾತು.

9. ಬಾಟಲಿ

ಗಾಜಿನ ಬಾಟಲಿಯನ್ನು ಹತ್ತು ನಿಮಿಷ ಕುದಿಸಿ, ಆರಿಸಿ, ತುಂಬಿ ಫ್ರಿಜ್ಜಿಗೆ. ಹೊರಗೆ ಇಟ್ಟಿದ್ದ ಒಂದರಲ್ಲಿ ಬಿಳೀ ನೂಲಿನಂಥ ಬೂಸು ತೇಲಿತು, ಚೆಲ್ಲಿದೆ. ಎಣ್ಣೆಯ ಹನಿಗಳಿಗೆ ಕಂದು ಗಾಜಿನ ಸೀಸೆ, ಬಾಯಿ ಬಿಗಿ. ಗಾಳಿ ತಾಗಿ ಹಳೆಯದಾದ ಲ್ಯಾವೆಂಡರ್ ಎಣ್ಣೆಯಲ್ಲಿ ಲಿನಲೂಲ್ ಕೆಟ್ಟು ಚರ್ಮಕ್ಕೆ ಅಲರ್ಜಿ ತರುವ ವಸ್ತುವಾಗುತ್ತದೆ, ಆದ್ದರಿಂದ ಹಳೇ ಸೀಸೆಗೆ ಮೋಹ ಬೇಡ.

10. ಬಳಕೆ

ಅಮ್ಮನಿಗೆ ರಾತ್ರಿ ಎರಡು ಗಂಟೆಗೆ ಎಚ್ಚರವಾದರೆ ಮತ್ತೆ ನಿದ್ರೆ ಹತ್ತುವುದಿಲ್ಲ. ಭಟ್ಟಿಯ ಹಿಂದಿದ್ದ ಕಾರಣ ಅದು. ಭಟ್ಟಿ ಮುಗಿದ ಮೇಲೆ ಓದಿ ತಿಳಿದದ್ದನ್ನು ಮೊದಲೇ ಓದಿದ್ದರೆ ತಾಮ್ರದ ದುಡ್ಡು ಉಳಿಯುತ್ತಿತ್ತು. ಕಳವಳಕ್ಕೆ ಲ್ಯಾವೆಂಡರ್ ಕೆಲಸ ಮಾಡುತ್ತದೆಂದು ಚೆನ್ನಾಗಿ ಪರೀಕ್ಷೆಯಾದದ್ದು ಜರ್ಮನಿಯಲ್ಲಿ ಸಿಲೆಕ್ಸಾನ್ ಎಂಬ ಹೆಸರಿನ, 80 ಮಿಲಿಗ್ರಾಂ ಎಣ್ಣೆಯ ನುಂಗುವ ಕ್ಯಾಪ್ಸೂಲಿನ ಮೇಲೆ. ಅಳತೆ ಗೊತ್ತಿರುವ ಔಷಧಿ ಅದು. ಅಲ್ಲಿನ ಫಲಿತಾಂಶ ತಂದು ನನ್ನ ಬಾಟಲಿಯ ಮೇಲೆ ಅಂಟಿಸುವುದು ಮೋಸ. ಸೀಸೆ ಎಣ್ಣೆಯನ್ನು ಚಮಚದಲ್ಲಿ ಕುಡಿಯುವುದಂತೂ ಬೇಡವೇ ಬೇಡ.

ಮನೆಮಟ್ಟಿಗೆ ಉಳಿಯುವುದು ಒಣ ಹೂವಿನ ಕಷಾಯ. ಯುರೋಪಿನ ಔಷಧಿ ಸಂಸ್ಥೆ ಇದನ್ನು ಸಣ್ಣ ಮಟ್ಟಿಗಿನ ಮಾನಸಿಕ ಒತ್ತಡಕ್ಕೆ, ನಿದ್ರೆಗೆ ಸಹಾಯಕ್ಕೆ ಒಪ್ಪಿಕೊಂಡಿದೆ, ಬಹುಕಾಲದ ರೂಢಿಯ ಆಧಾರದ ಮೇಲೆ. 1-2 ಗ್ರಾಂ ಹೂವು, 150 ಮಿಲಿ ಕುದಿ ನೀರು, ಮುಚ್ಚಿಟ್ಟು ಸೋಸಿ. ಅಡುಗೆ ತಕ್ಕಡಿಯಲ್ಲಿ ತೂಗಿದರೆ ಒಂದು ಟೀ ಚಮಚ ಒಂದು ಗ್ರಾಮಿನ ಆಚೀಚೆ ಬಂತು. ಅಮ್ಮ ಒಂದು ಗುಟುಕು ಕುಡಿದು, "ಸೋಪಿನ ನೀರು ಕುಡ್ದಂಗಿದೆ" ಅಂದು ಲೋಟ ಕೆಳಗಿಟ್ಟರು. ಹೂವು ಅರ್ಧ ಮಾಡಿ, ಸೋಂಪು ಹಾಕಿ, ಐದು ನಿಮಿಷಕ್ಕೇ ಸೋಸಿದರೆ ಕುಡಿಯುತ್ತಾರೆ. ನಿದ್ರೆ ಬಂತಾ ಎಂದರೆ ಕೆಲವು ರಾತ್ರಿ ಬಂದಿದೆ. ಮಧ್ಯಾಹ್ನದ ನಿದ್ರೆಯನ್ನೂ ಅದೇ ಸಮಯಕ್ಕೆ ಬಿಡಿಸಿದ್ದೆವು, ಯಾವುದರಿಂದ ಎಂದು ಹೇಗೆ ಹೇಳಲಿ.

ಇಳಿಸಿದ ನೀರನ್ನು ಕುಡಿಯಲು ಕೊಡುವುದಿಲ್ಲ, ತಾಮ್ರದಲ್ಲಿ ಬಂದದ್ದು. ದಿಂಬಿನ ಬಟ್ಟೆಗೆ ಚಿಮುಕಿಸುತ್ತೇವೆ, ತಲೆ ಭಾರವಾದಾಗ ಒದ್ದೆ ಬಟ್ಟೆ ಹಣೆಗೆ ಇಡುತ್ತೇವೆ. ದಿಂಬಿನ ಒಳಗೆ 40 ಗ್ರಾಂ ಡೆಂಟಾಟಾ ಹೂವಿನ ಚೀಲ, ಅದರ ಕರ್ಪೂರದ ವಾಸನೆ ಅಮ್ಮನಿಗೆ ಅಂಗುಸ್ಟಿಫೋಲಿಯಾಕ್ಕಿಂತ ಇಷ್ಟ.

ನಿದ್ರೆ ಮಾತ್ರೆ ತೆಗೆದುಕೊಳ್ಳುವವರು, ಬಸುರಿ ಬಾಣಂತಿಯರು ಡಾಕ್ಟರನ್ನು ಕೇಳದೆ ಕಷಾಯ ಕುಡಿಯಬೇಡಿ. 12 ವರ್ಷದೊಳಗಿನ ಮಕ್ಕಳಿಗೆ ಕೊಡಬೇಡಿ. ಬೆಕ್ಕಿಗೆ ಲ್ಯಾವೆಂಡರ್ ವಿಷ, ಎಣ್ಣೆಯಂತೂ ಹೆಚ್ಚು. ಇಲಿ ಕಾಯಲು ಹುಳು ಮನೆಯಲ್ಲೇ ಮಲಗುತ್ತಿದ್ದ ನಮ್ಮ ಬೆಕ್ಕಿಗೆ ಈಗ ಭಟ್ಟಿ ನಡೆಯುವ ದಿನ ಪ್ರವೇಶವಿಲ್ಲ.

ಖರ್ಚು

ಕುಕ್ಕರ್ 900, ಗ್ಯಾಸ್ಕೆಟ್ 120, ತಾಮ್ರ 600, ಸಿಲಿಕಾನ್ ಪೈಪ್ 150, ಕ್ಲಿಪ್ 30, ಗ್ಲ್ಯಾಂಡ್ 25, ಬಕೆಟ್ 80. ಒಟ್ಟು ₹1,905. ದಂಡವಾದದ್ದು ಲೆವೆಲ್ ಪೈಪ್ 40, ಎಂ-ಸೀಲ್ 35. ಹೂವು, ದವನ ಬೇರೆ. ಲೋಟ, ತಟ್ಟೆ, ಬಿದಿರ ದಬ್ಬೆ ಮನೆಯವು.

ಬಾಕಿ ಕೆಲಸ: ಸಿಲಿಕಾನ್ ಪೈಪ್ ಕ್ಲಿಪ್ಪಿನ ಹತ್ತಿರ ಗಟ್ಟಿಯಾಗತೊಡಗಿದೆ. ಅದರ ಬದಲು ಆವಿ ಕೊಳವೆಗೆ ನೇರವಾಗಿ ಕೂರುವ ಸ್ಟೀಲ್ ಯೂನಿಯನ್ ಮಾಡಿಕೊಡಲು ಲೇತ್‌ನವರು ₹400 ಕೇಳಿದ್ದಾರೆ. ಇದಕ್ಕಿಂತ ಅಗ್ಗದ ದಾರಿ ಯಾರಿಗಾದರೂ ಗೊತ್ತಿದ್ದರೆ ತಿಳಿಸಿ. ಪಕ್ಕದ ಮನೆಗೆ ನಿನ್ನೆ ಹೊಸ ಚಾಕಿ (ಮರಿ ಹುಳು) ಬಂದಿದೆ. ಹಾಗಾಗಿ ಮರುಗ, ತುಳಸಿ ಏನಿದ್ದರೂ ಆ ಬೆಳೆ ಗೂಡಾದ ಮೇಲೆಯೇ.